ಕಾಗದದ ನಿಮಿಷ

ರೈಲಿನ ವೇಳಾಪಟ್ಟಿ ಆಕಾಶದಿಂದ ಉದುರುತ್ತದೆ ಅಂತ ನೀವು ತಿಳಿದಿದ್ದರೆ ಆ ಭ್ರಮೆ ಇವತ್ತೇ ಬಿಟ್ಟುಬಿಡಿ. ಅದನ್ನು ಒಬ್ಬ ಮನುಷ್ಯ ಕೂತು ಬರೆಯುತ್ತಾನೆ. ಎರಡನೇ ಮಹಡಿಯ ಮೂಲೆಯಲ್ಲಿ, ಫ್ಯಾನಿನ ಗಾಳಿ ತಲುಪದ ಮೇಜಿನ ಮುಂದೆ, ಉದ್ದನೆಯ ಅಡಿಪಟ್ಟಿ, ಚೂಪಾದ ಪೆನ್ಸಿಲ್ಲು, ಒಂದು ರಬ್ಬರು ಇಟ್ಟುಕೊಂಡು ಬರೆಯುತ್ತಾನೆ. ಕಂಪ್ಯೂಟರಿಗೆ ಏರುವುದೆಲ್ಲ ಆಮೇಲೆ. ಆ ರಬ್ಬರು ಇದೆಯಲ್ಲ, ಈ ಕಥೆಯ ಕರಾಮತ್ತೆಲ್ಲ ಅದರದ್ದೇ.

ಬರೆಯುವವನಿಗೆ ಆಫೀಸಿನಲ್ಲಿ ನಿಮಿಷಪ್ಪ ಅಂತಲೇ ಹೆಸರು. ಮೊದಲು ಗೇಲಿಗೆ ಇಟ್ಟದ್ದು. ಅವನು ಅದನ್ನೇ ಬಿರುದು ಅಂದುಕೊಂಡು ಎದೆ ಉಬ್ಬಿಸಿ ತಿರುಗತೊಡಗಿದ ಮೇಲೆ ಗೇಲಿ ಮಾಡುವವರಿಗೇ ಬೇಜಾರು ಬಂದು ಹೆಸರು ಮಾತ್ರ ಉಳಿಯಿತು. ಹದಿನಾರು ವರ್ಷದಿಂದ ಉಪನಗರ ರೈಲಿನ ಪಟ್ಟಿ ಅವನ ಕೈಯಲ್ಲೇ. ಈ ಕಥೆ ಶುರುವಾಗುವ ತನಕ ಅವನು ಆ ರೈಲು ಹತ್ತಿದ್ದು ಎಷ್ಟು ಸಲ ಅಂತ ಎಣಿಸಲು ಒಂದು ಕೈ ಸಾಕು, ಅದರಲ್ಲೂ ಹೆಬ್ಬೆರಳು ಮಿಗುತ್ತದೆ. ಮನೆಯಿಂದ ಆಫೀಸು ಕೂಗಳತೆ ದೂರ. ನಡೆದೇ ಹೋಗುತ್ತಿದ್ದ, ನಡೆದೇ ಬರುತ್ತಿದ್ದ. ಊರುಗಳಿಗೂ ಅವನ ಬಾಯಲ್ಲಿ ಹೆಸರಿರಲಿಲ್ಲ. ನಾಲ್ಕು, ಒಂಬತ್ತು, ಹದಿನಾಲ್ಕು ಅಂತ ಸ್ಟೇಷನ್ನಿನ ಅಂಕಿಯೇ ಊರು. ಕ್ರಮೇಣ ಮನೆಯವರಿಗೂ ಅದೇ ರೂಢಿಯಾಯಿತು.

ಮನೆಯಲ್ಲಂತೂ ಕೇಳಬೇಡಿ. ಹಾಲು ಕಾಯಲು ಎಷ್ಟು ನಿಮಿಷ, ಮಗಳು ಎರಡು ಜಡೆ ಹಾಕಿಕೊಳ್ಳಲು ಎಷ್ಟು, ಮೂಲೆ ಅಂಗಡಿಗೆ ಹೋಗಿ ಚಿಲ್ಲರೆಗಾಗಿ ಜಗಳವಾಡಿ ಬರಲು ಎಷ್ಟು, ಎಲ್ಲಕ್ಕೂ ಅವನ ಬಾಯಲ್ಲಿ ಉತ್ತರ ಸಿದ್ಧ. ಹೆಂಡತಿ ಇದನ್ನೆಲ್ಲ ಸಹಿಸಿಕೊಂಡಿದ್ದಳು ಅಂದರೆ ಅವಳಿಗೆ ಅನ್ಯಾಯ ಮಾಡಿದ ಹಾಗೆ. ಅವಳು ನಂಬಿದ್ದಳು. ನಮ್ಮನೆಯವರು ಹತ್ತು ನಿಮಿಷ ಅಂದ್ರೆ ಹನ್ನೊಂದಾಗಲ್ಲ ಅಂತ ಅಕ್ಕನ ಹತ್ತಿರ ಹೇಳಿಕೊಂಡು ಓಡಾಡುತ್ತಿದ್ದಳು.

ಅವಳದ್ದು ಹಲ್ಲಿನ ಲ್ಯಾಬಿನಲ್ಲಿ ಕೆಲಸ. ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹೊಂದುವ ಹಲ್ಲು ಕೆತ್ತಿ, ಬಣ್ಣ ಕೊಟ್ಟು, ಸುಟ್ಟು, ಉಜ್ಜಿ ಕಳಿಸುವುದು. ಕೂದಲೆಳೆಯಷ್ಟು ಎತ್ತರ ಹೆಚ್ಚಾದರೂ ಆ ರೋಗಿಯ ಬಾಯಿ ಸರಿಯಾಗಿ ಮುಚ್ಚುವುದಿಲ್ಲ. ಮೇಲಿನ ಅಚ್ಚಿಗೂ ಕೆಳಗಿನ ಅಚ್ಚಿಗೂ ನಡುವೆ ಬಣ್ಣದ ತೆಳು ಕಾಗದ ಇಟ್ಟು ಕಚ್ಚಿಸಿ, ಎಲ್ಲಿ ಗುರುತು ಬೀಳುತ್ತದೋ ಅಲ್ಲಿ ಒಂದಿಷ್ಟೇ ಇಷ್ಟು ಉಜ್ಜುತ್ತಾಳೆ. ಹನ್ನೊಂದು ವರ್ಷ ಹೀಗೆ ಉಜ್ಜಿದ ಮೇಲೆ ಈ ಸಲ ಮಾಲೀಕರು ಕರೆದು, ಹಳೇ ಮೇಲ್ವಿಚಾರಕರು ನಿವೃತ್ತರಾಗ್ತಿದ್ದಾರೆ, ಆ ಜಾಗಕ್ಕೆ ನೀನು ಬಾ ಅಂದಿದ್ದರು. ಬಾಗಿಲ ಮೇಲೆ ಹೆಸರು. ಯಾವ ಹಲ್ಲು ಹೊರಗೆ ಹೋಗಬೇಕು, ಯಾವುದನ್ನು ಮತ್ತೆ ಮಾಡಬೇಕು ಅಂತ ತೀರ್ಮಾನಿಸುವ ಅಧಿಕಾರ. ತಿಂಗಳ ಕೊನೇ ಶುಕ್ರವಾರದೊಳಗೆ ಉತ್ತರ ಕೊಡಬೇಕು. ಈ ವಿಷಯವನ್ನು ಅವಳು ಗಂಡನಿಗೆ ತರಕಾರಿ ಹೆಚ್ಚುತ್ತಾ ಒಂದು ಸಲ ಹೇಳಿದಳು, ಬಟ್ಟೆ ಮಡಿಸುತ್ತಾ ಇನ್ನೊಂದು ಸಲ ಹೇಳಿದಳು. ಯಾವ ಮಾತನ್ನೂ ಎರಡು ಸಲ ಹೇಳುವವಳಲ್ಲ ಅವಳು. ಆ ಹುದ್ದೆ ಅವಳಿಗೆ ಎಷ್ಟು ಬೇಕಾಗಿತ್ತು ಅಂತ ಅವನಿಗೆ ಆಗಲೇ ಅರ್ಥವಾಯಿತು.

ಅದೇ ತಿಂಗಳು ಮನೆಗೆ ಊರು ಆರಿಸುವ ಜ್ವರ ಬಂದಿತ್ತು. ಇದ್ದದ್ದು ಎರಡು ಕೋಣೆ, ಮಗಳು ಇಸ್ತ್ರಿ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಓದುತ್ತಿದ್ದಳು. ಅವಳ ಶಾಲೆಯಲ್ಲಿ ಒಂದು ತರಗತಿಗೆ ಐವತ್ತೆಂಟು ಮಕ್ಕಳು, ಗಣಿತದ ಮೇಷ್ಟ್ರ ಕುರ್ಚಿ ಒಂದು ವರ್ಷದಿಂದ ಖಾಲಿ. ಮಗಳಿಗೋ ಭಾಗಾಕಾರ ಅಂದರೆ ಕೈಕಾಲು ತಣ್ಣಗಾಗುತ್ತಿತ್ತು. ಇದಕ್ಕೆ ಒಗ್ಗರಣೆ ಹಾಕಿದವಳು ಹೆಂಡತಿಯ ಅಕ್ಕ. ಒಂದು ವರ್ಷದ ಹಿಂದೆ ಹದಿನಾಲ್ಕಕ್ಕೆ ಮನೆ ಬದಲಾಯಿಸಿದವಳು ಅಲ್ಲಿಂದಲೇ ದಿನಕ್ಕೊಂದು ಫೋನು ಮಾಡಿ, ಇಲ್ಲಿ ಗಾಳಿ ಹಾಗಿದೆ, ಶಾಲೆ ಹೀಗಿದೆ, ನೀವು ಇನ್ನೂ ಆ ಗೂಡಲ್ಲೇ ಇದ್ದೀರಾ ಅಂತ ಕನಿಕರ ತೋರಿಸುತ್ತಿದ್ದಳು. ಕನಿಕರ ತಡೆಯುವುದು ಬೈಗುಳ ತಡೆಯುವುದಕ್ಕಿಂತ ಕಷ್ಟ.

ಸರಿ, ಭಾನುವಾರ ಭಾನುವಾರ ಊರು ನೋಡಲು ಹೊರಟರು. ನಾಲ್ಕರಲ್ಲಿ ಶಾಲೆ ಚೆನ್ನಾಗಿತ್ತು, ಬಾಡಿಗೆಗೆ ಒಂದು ಮನೆಯೂ ಖಾಲಿ ಇರಲಿಲ್ಲ. ಒಂಬತ್ತರಲ್ಲಿ ಮನೆಗಳಿಗೇನೂ ಬರವಿಲ್ಲ, ಆದರೆ ಮಲಗುವ ಕೋಣೆಯ ಕಿಟಕಿ ತೆಗೆದರೆ ಲಾರಿ ರಿಪೇರಿ ಶೆಡ್ಡು. ಹನ್ನೊಂದರಲ್ಲಿ ಶಾಲೆಯೂ ಇತ್ತು, ಮನೆಯೂ ಇತ್ತು, ನಿವಾಸಿಗಳ ಸಂಘದ ಅಧ್ಯಕ್ಷನೂ ಇದ್ದ. ಆ ಪುಣ್ಯಾತ್ಮ ಮೂವರನ್ನೂ ಸಾಲಾಗಿ ಕೂರಿಸಿಕೊಂಡು ಸಂದರ್ಶನ ಮಾಡಿದ. ಬಟ್ಟೆ ಯಾವ ಕಡೆ ಒಣಗಿಸುತ್ತೀರಿ, ಮಿಕ್ಸಿ ಎಷ್ಟು ಗಂಟೆಗೆ ಹಾಕುತ್ತೀರಿ, ಹುಡುಗಿ ಮೆಟ್ಟಿಲು ಇಳಿಯುವಾಗ ಹಾರುತ್ತಾಳಾ, ನೆಂಟರು ಬಂದರೆ ಎಷ್ಟು ದಿನ ಇರುತ್ತಾರೆ. ಕೊನೆಗೆ, ಯೋಚಿಸಿ ತಿಳಿಸುತ್ತೇವೆ ಅಂದ. ಹೆಂಡತಿ ಹೊರಗೆ ಬಂದವಳೇ, ಯೋಚಿಸೋದು ನಾವಾ ಅವರಾ ಅಂತ ಕೇಳಿ ಹನ್ನೊಂದನ್ನು ಹೊಡೆದುಹಾಕಿದಳು.

ಉಳಿದದ್ದು ಹದಿನಾಲ್ಕು. ಭಾನುವಾರ ರೈಲು ಅಲ್ಲಿಗೆ ನಲವತ್ತನಾಲ್ಕು ನಿಮಿಷಕ್ಕೆ ಮುಟ್ಟಿತು. ಸ್ಟೇಷನ್ನಿನ ಹೊರಗೇ ಬಿಲ್ಡರ್ ಆಫೀಸಿನ ಗೋಡೆ, ಗೋಡೆಯ ತುಂಬ ಆಳೆತ್ತರದ ಅಂಕಿ: ನಗರಕ್ಕೆ ಬರೀ 42 ನಿಮಿಷ. ಅದರ ಪಕ್ಕದಲ್ಲೇ ಶಾಲೆಯ ಜಾಹೀರಾತು: ಐದು ವರ್ಷದಿಂದ ನೂರಕ್ಕೆ ನೂರು ಫಲಿತಾಂಶ. ಮಕ್ಕಳು ಆಡಲು ಹುಲ್ಲುಹಾಸು, ಅದರ ಸುತ್ತ ಬೇಲಿ, ಬೇಲಿಗೆ ಬೀಗ, ಹುಲ್ಲು ಹಾಳಾಗದ ಹಾಗೆ ಕಾಯಲು ಒಬ್ಬ ಕಾವಲುಗಾರ. ಅಕ್ಕ ಊರೆಲ್ಲ ತಾನೇ ಕಟ್ಟಿಸಿದವಳ ಹಾಗೆ ತೋರಿಸಿದಳು. ಷಡ್ಡಕ ಮಾತ್ರ ಮಧ್ಯಾಹ್ನ ಹನ್ನೆರಡಕ್ಕೇ ಕುರ್ಚಿಯಲ್ಲಿ ಕೂತಲ್ಲೇ ಗೊರಕೆ ಹೊಡೆಯುತ್ತಿದ್ದ. ಎಚ್ಚರವಾದಾಗ ನಿಮಿಷಪ್ಪ ಸುಮ್ಮನೆ ಮಾತಿಗೆ, ದಿನಾ ಓಡಾಟ ಹೇಗೆ ಅಂತ ಕೇಳಿದ. ಷಡ್ಡಕ ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಅದು ನಿಮಗೇ ಗೊತ್ತಿರಬೇಕಲ್ಲ ಅಂದು ಮತ್ತೆ ಕಣ್ಣು ಮುಚ್ಚಿದ.

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು.

ವೇಳಾಪಟ್ಟಿ ಆಫೀಸಿನಲ್ಲಿ ಎರಡು ತರಹದ ನಿಮಿಷಗಳಿವೆ. ಒಂದು ಗಡಿಯಾರದ ನಿಮಿಷ, ಎಲ್ಲರಿಗೂ ಗೊತ್ತಿರುವಂಥದ್ದು. ಇನ್ನೊಂದು ಕಾಗದದ ನಿಮಿಷ, ಅದು ಆ ಮಹಡಿಯವರ ಗುಟ್ಟು. ಮೂರು ವರ್ಷದ ಹಿಂದೆ ದೊಡ್ಡ ಸಾಹೇಬರು ಯಾವುದೋ ಮೀಟಿಂಗಿನಿಂದ ಬಂದು, ಹದಿನಾಲ್ಕು ಬೆಳೆಯಬೇಕಂತೆ ಕಣಯ್ಯಾ, ನಲವತ್ತೈದರ ಒಳಗೆ ತಾ ಅಂದರು. ಪಟ್ಟಿಯಲ್ಲಿ ಆಗ ಇದ್ದದ್ದು ಅರವತ್ತು. ನಿಮಿಷಪ್ಪ ಎರಡು ದಿನ ಕೂತು ರಬ್ಬರು ಸವೆಸಿದ. ಒಂದೊಂದು ಸ್ಟೇಷನ್ನಿನಲ್ಲೂ ಅರ್ಧ ಅರ್ಧ ನಿಮಿಷ ಕಿತ್ತ. ಎಂಟನೇ ಒಂಬತ್ತನೇ ಸ್ಟೇಷನ್ನುಗಳ ನಡುವೆ ಇನ್ನೊಂದು ಹಳಿ ಬಂದು ಸೇರುತ್ತದೆ, ವಾರದ ದಿನ ಸಂಜೆ ದೂರದ ಗಾಡಿಗಳಿಗೆ ದಾರಿ ಬಿಟ್ಟು ಉಪನಗರ ರೈಲು ಅಲ್ಲಿ ನಿಲ್ಲಲೇಬೇಕು. ಆ ನಿಲುಗಡೆಯನ್ನು, ಅಡಚಣೆ ಇಲ್ಲದಿದ್ದಲ್ಲಿ ಅಂತ ಒಂದು ಷರಾ ಬರೆದು ಪೂರ್ತಿ ಅಳಿಸಿದ. ನಲವತ್ತೆರಡು ಬಂತು. ಸಾಹೇಬರು ಬೆನ್ನು ತಟ್ಟಿದರು, ಪ್ರಶಂಸಾಪತ್ರ ಕೊಟ್ಟರು. ಅವತ್ತಿನಿಂದ ವಾರದ ದಿನ ಪ್ರತಿ ಸಂಜೆ ರೈಲು ಅದೇ ಜಾಗದಲ್ಲಿ ಅದೇ ಹೊತ್ತಿಗೆ ನಿಲ್ಲುತ್ತದೆ, ಪ್ರತಿದಿನವೂ ಅದನ್ನು ಆಕಸ್ಮಿಕ ವಿಳಂಬ ಅಂತ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಮೂರು ವರ್ಷದಲ್ಲಿ ಒಂದು ದಿನವೂ ತಪ್ಪದ ಆಕಸ್ಮಿಕ ಅದು. ಭಾನುವಾರ ದೂರದ ಗಾಡಿಗಳು ಕಡಿಮೆ, ಆದ್ದರಿಂದ ಸಲೀಸು. ಊರು ಆರಿಸುವವರು ಬರುವುದೂ ಭಾನುವಾರವೇ.

ವಾಪಸು ಬರುವ ರೈಲಿನಲ್ಲಿ ಹೆಂಡತಿ ಕೇಳಿದಳು. ದಿನಾ ಇಷ್ಟೇ ಹೊತ್ತಾ ಅಂತ. ನಿಮಿಷಪ್ಪ ಕಿಟಕಿಯ ಆಚೆ ನೋಡಿ, ಪಟ್ಟಿ ಪ್ರಕಾರ ಇಷ್ಟೇ ಅಂದ. ಸುಳ್ಳಲ್ಲ ಅದು. ಅಂಥ ಮಾತನ್ನು ಪೋಣಿಸಿ ಪೋಣಿಸಿ ಅವನಿಗೆ ಹದಿನಾರು ವರ್ಷದ ಅಭ್ಯಾಸವಿತ್ತು. ಸುಳ್ಳು ಅಂತ ಹೇಳಿಬಿಟ್ಟರೆ ಇಷ್ಟು ವರ್ಷ ಮನೆಯಲ್ಲಿ ಹಾಲು ಕಾಯುವ ನಿಮಿಷ ಎಣಿಸಿದವನ ಮಾನ ಎಲ್ಲಿ ಉಳಿಯಬೇಕು? ಬಾಯಿಗೆ ಬೀಗ ಹಾಕಿಕೊಂಡ.

ಅವಳು ಮನೆಗೆ ಬಂದವಳೇ ಬೀರುವಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದಳು. ಮೇಲ್ವಿಚಾರಕಿಯಾದರೆ ಕೆಲಸ ಬಿಡುವುದು ಐದೂವರೆಗೆ. ಸ್ಟೇಷನ್ನಿಗೆ ನಡಿಗೆ ಎಂಟು ನಿಮಿಷ. ಐದು ನಲವತ್ತರ ರೈಲು. ಹದಿನಾಲ್ಕಕ್ಕೆ ಆರು ಇಪ್ಪತ್ತೆರಡು. ಅಲ್ಲಿಂದ ಶಾಲೆಗೆ ಐದು ನಿಮಿಷ, ಆರು ಇಪ್ಪತ್ತೇಳು. ಶಾಲೆಯ ಸಂಜೆ ತರಗತಿಯ ಗೇಟು ಮುಚ್ಚುವುದು ಆರೂವರೆಗೆ. ತಂದೆಯೋ ತಾಯಿಯೋ ಖುದ್ದು ಬರಬೇಕು, ನೆಂಟರ ಕೈಗೆ ಮಗುವನ್ನು ಕೊಡುವುದಿಲ್ಲ, ಮೂರು ಸಲ ತಡವಾದರೆ ದಾಖಲಾತಿ ರದ್ದು. ನಿಮಿಷಪ್ಪನ ಆಫೀಸು ಬಿಡುವುದೇ ಆರಕ್ಕೆ, ಆದ್ದರಿಂದ ಅವನ ಲೆಕ್ಕ ಹಿಡಿಯುವ ಹಾಗಿಲ್ಲ. ಅವಳೇ ಹೋಗಬೇಕು, ಮೂರು ನಿಮಿಷ ಮಿಗುತ್ತದೆ. ಶಾಲೆಯೂ ಆಯಿತು, ಊರೂ ಆಯಿತು, ಹುದ್ದೆಯೂ ಆಯಿತು. ಆ ಹಾಳೆಯ ಮುಂದೆ ನಿಂತು ಅವಳು ನಕ್ಕ ನಗು ನೋಡಿ ನಿಮಿಷಪ್ಪ ಬೀರುವಿನ ಕಡೆ ಬೆನ್ನು ಮಾಡಿ ಕೂತ.

ಬುಧವಾರ ಶಾಲೆಗೆ ಅರ್ಜಿ ಕೊಡಬೇಕಿತ್ತು. ನಿಮಿಷಪ್ಪ ತಾನೇ ಹೋಗುತ್ತೇನೆ ಅಂದ. ಸಾಹೇಬರ ಕೈಕಾಲು ಹಿಡಿದು ಬೇಗ ಬಿಡಿಸಿಕೊಂಡು, ಬೇಕಂತಲೇ ಐದು ನಲವತ್ತರ ರೈಲು ಹಿಡಿದ. ಅವನ ಮನಸ್ಸಿನಲ್ಲಿ ಇನ್ನೂ ಒಂದು ಆಸೆ. ಯಾರಿಗೆ ಗೊತ್ತು, ನಲವತ್ತೈದು ನಿಮಿಷಕ್ಕೆ ಮುಟ್ಟಿಬಿಟ್ಟರೆ? ಎಂಟನೇ ಸ್ಟೇಷನ್ನಿನ ತನಕ ರೈಲು ಅವನ ಆಸೆಗೆ ನೀರೆರೆಯಿತು. ಎಂಟು ದಾಟಿ ಒಂದು ಇಟ್ಟಿಗೆ ಗೋಡೆಯ ಪಕ್ಕ ನಿಂತದ್ದು ನಿಂತೇಬಿಟ್ಟಿತು. ಒಬ್ಬರ ಮೇಲೊಬ್ಬರು ಬಿದ್ದು ನಿಂತಿದ್ದ ಜನ ಯಾರೂ ಬೆಚ್ಚಲಿಲ್ಲ, ಕಿಟಕಿಯಿಂದ ಇಣುಕಲಿಲ್ಲ. ಒಬ್ಬಾಕೆ ಚೀಲದಿಂದ ಹೆಣಿಗೆ ತೆಗೆದು ಹೆಣೆಯತೊಡಗಿದಳು. ಅವಳ ಪಕ್ಕದಲ್ಲಿದ್ದ ದಪ್ಪ ಮನುಷ್ಯ, ಈ ಪಟ್ಟಿ ಬರೆದ ಮುಂಡೇಮಗ ಕೈಗೆ ಸಿಗಲಿ, ಇದೇ ಗೋಡೆಗೆ ಒರಗಿಸಿ ಮಾತಾಡಿಸ್ತೀನಿ ಅಂದ. ಸುತ್ತಲಿನವರೆಲ್ಲ ಹೌದು ಹೌದು ಅಂದರು. ನಿಮಿಷಪ್ಪನೂ ಹೌದು ಅಂದ. ಅನ್ನದೆ ಇದ್ದರೆ ಅನುಮಾನ ಬರುತ್ತದಲ್ಲ.

ಅರವತ್ತಾರು ನಿಮಿಷ. ಶಾಲೆಯ ಗೇಟು ಮುಚ್ಚಿತ್ತು. ಗೇಟಿನ ಹೊರಗೆ ಇಬ್ಬರು ತಾಯಂದಿರು ಏದುಸಿರು ಬಿಡುತ್ತಾ ಕಾವಲುಗಾರನ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದರು. ಒಬ್ಬಳಿಗೆ ಅದು ಮೂರನೇ ಸಹಿ ಇರಬೇಕು, ಇದೊಂದು ಸಲ ಬಿಟ್ಟುಬಿಡಿ ಅಂತ ಬೇಡಿಕೊಳ್ಳುತ್ತಿದ್ದಳು.

ಅರ್ಜಿ ಕೊಡಬೇಕು ಅಂದದ್ದಕ್ಕೆ ಕಾವಲುಗಾರ ಒಳಗೆ ಬಿಟ್ಟ, ಅದನ್ನು ತೆಗೆದುಕೊಂಡವನು ಶಾಲೆಯ ಗುಮಾಸ್ತ. ಬೆರಳ ತುದಿಯೆಲ್ಲ ಮೊಹರಿನ ನೇರಳೆ ಶಾಯಿ. ತಂದೆಯ ಉದ್ಯೋಗ ಅನ್ನುವ ಸಾಲು ಓದಿದವನೇ ಕುರ್ಚಿಯಿಂದ ಎದ್ದು ನಿಂತ. ನಲವತ್ತೆರಡು ನಿಮ್ಮದೇನಾ ಅಂತ ಎರಡೂ ಕೈ ಹಿಡಿದು ಕುಲುಕಿದ. ಅದೇ ಅಂಕಿ ನೋಡಿ ಅವನೂ ಇದೇ ಊರಲ್ಲಿ ಮನೆ ಗೊತ್ತುಮಾಡಿದ್ದ. ಅವನ ಹೆಂಡತಿಗೆ ನಗರದಲ್ಲಿ ಕೆಲಸ, ಹಳೇ ಮನೆ ಬಿಡುತ್ತೇವೆ ಅಂತ ಹೇಳಿಯೂ ಆಗಿತ್ತು, ಶನಿವಾರ ಸಹಿ. ಈತನಿಗಾದರೂ ನಿಜ ಹೇಳಿಬಿಡೋಣ ಅಂತ ನಿಮಿಷಪ್ಪ ಬಾಯಿ ತೆಗೆದ. ತೆಗೆದ ಬಾಯಲ್ಲಿ ಬಂದದ್ದು ಬೇರೆ ಮಾತು. ನಿಮ್ಮ ನೂರಕ್ಕೆ ನೂರು ಹೇಗೆ ಬರುತ್ತೆ ಅಂತ ಕೇಳಿದ.

ಗುಮಾಸ್ತ ಆಚೀಚೆ ನೋಡಿ ಬಾಗಿಲು ಮುಂದೆ ಮಾಡಿದ. ತನ್ನ ಕಸುಬಿನವನೇ ಸಿಕ್ಕ ಖುಷಿ ಅವನ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ನಿಮಗೆ ಹೇಳೋಕೇನಂತೆ ಸಾರ್. ಒಂಬತ್ತನೇ ಕ್ಲಾಸಲ್ಲಿ ಲೆಕ್ಕದಲ್ಲಿ ಹಿಂದೆ ಬಿದ್ದವರ ಅಪ್ಪ ಅಮ್ಮನ್ನ ಕರೆಸ್ತೀವಿ. ಪೋಷಕರ ಕೋರಿಕೆ ಮೇರೆಗೆ ಅಂತ ವರ್ಗಾವಣೆ ಪತ್ರ ಕೊಡ್ತೀವಿ. ಹತ್ತಕ್ಕೆ ಉಳಿದವರಲ್ಲಿ ನೂರಕ್ಕೆ ನೂರು. ಅಂಕಿ ಸುಳ್ಳಲ್ಲ ನೋಡಿ."

ಸುಳ್ಳಲ್ಲ ಅಂತ ನಿಮಿಷಪ್ಪನೂ ತಲೆಯಾಡಿಸಿದ. ಒಳ್ಳೇ ಕೆಲಸಗಾರ ಅಂತ ಮನಸ್ಸಿನಲ್ಲೇ ಮೆಚ್ಚಿದ ಕೂಡ. ಮಗಳ ಭಾಗಾಕಾರ ನೆನಪಾದದ್ದು ಮೆಟ್ಟಿಲು ಇಳಿಯುವಾಗ. ಅಲ್ಲೇ ಕಂಬಿ ಹಿಡಿದು ಒಂದು ಗಳಿಗೆ ನಿಂತ.

ಮನೆಗೆ ಬಂದಾಗ ಹೆಂಡತಿ ಹಾಳೆಯ ಮುಂದೆಯೇ ನಿಂತಿದ್ದಳು. ಅರ್ಜಿ ಕೊಟ್ರಾ ಅಂದಳು. ಕೊಟ್ಟೆ ಅಂದ. ರೈಲು ಹೇಗಿತ್ತು ಅಂತ ಕೇಳಲೇ ಇಲ್ಲ. ಕೇಳಿದ್ದರೆ ಬಹುಶಃ ಹೇಳಿಬಿಡುತ್ತಿದ್ದ. ಮಾತು ನಾಲಿಗೆ ತುದಿಗೇ ಬಂದಿತ್ತು. ಆದರೆ ಅಷ್ಟರಲ್ಲಿ ಅವಳು, ಮಿಗೋದು ಮೂರೇ ನಿಮಿಷ ನೋಡಿ, ಬೇರೆ ಯಾರೇ ಹೇಳಿದ್ರೂ ನಾನು ನೆಚ್ಚುತ್ತಿರಲಿಲ್ಲ, ನಿಮ್ಮ ಪಟ್ಟಿ ಅಂತ ಧೈರ್ಯ ಅಂದಳು. ಅವನು ಕೈಕಾಲು ತೊಳೆಯಲು ಹೋದ. ನಾಳೆ ಹೇಳಿದರಾಯಿತು. ಗುರುವಾರ ಅವಳು ಏನೋ ಯೋಚನೆಯಲ್ಲಿದ್ದಳು, ಹೇಳುವ ಹೊತ್ತು ಸಿಗಲಿಲ್ಲ. ಶುಕ್ರವಾರ ಅವಳ ಮುಖ ಬಾಡಿತ್ತು, ತಲೆನೋವು ಅಂದಳು, ತಲೆನೋವಿನಲ್ಲಿ ಯಾಕೆ ಹೇಳುವುದು ಅಂತ ಬಿಟ್ಟ. ನಿಮಿಷಕ್ಕೆ ನಿಮಿಷ ಜೋಡಿಸುವ ಮಹಾಶಯನಿಗೆ ಮೂರು ದಿನದಲ್ಲಿ ಎರಡು ಮಾತಿಗೆ ಜಾಗ ಸಿಗಲಿಲ್ಲ ಅಂದರೆ ನೀವು ನಂಬಬೇಕು, ನಂಬದಿದ್ದರೆ ಅದು ನಿಮಗೆ ಬಿಟ್ಟದ್ದು.

ಶನಿವಾರ ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಇಬ್ಬರೂ ಹದಿನಾಲ್ಕಕ್ಕೆ ಹೋದರು. ಬಿಲ್ಡರ್ ಆಫೀಸಿನ ತುಂಬ ಜನ. ನಡುವೆ ಗಾಜಿನ ಪೆಟ್ಟಿಗೆಯಲ್ಲಿ ಇಡೀ ಊರಿನ ಮಾದರಿ, ಸ್ಪಂಜಿನ ಮರಗಳು, ಬೆರಳುದ್ದದ ರೈಲು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಟೋಕನ್ ಹಿಡಿದು ಕೂತವರೆಲ್ಲ ಆಜೂಬಾಜಿನವರ ಚಪ್ಪಲಿ, ಚೀಲ, ಮಕ್ಕಳ ಮಾತು ಗಮನಿಸುತ್ತಾ, ಇವರು ನಮ್ಮ ನೆರೆಯವರಾದರೆ ಹೇಗೆ ಅಂತ ಒಳಗೊಳಗೇ ತೂಗುತ್ತಿದ್ದರು. ಎರಡು ಕುರ್ಚಿ ಹಿಂದೆ ಶಾಲೆಯ ಗುಮಾಸ್ತ. ನಿಮಿಷಪ್ಪನನ್ನು ಕಂಡು ಕೈ ಎತ್ತಿ, ತನ್ನ ಹೆಂಡತಿಗೆ ಏನೋ ಪಿಸುಗುಟ್ಟಿದ. ಅವಳು ದೊಡ್ಡ ಮನುಷ್ಯರನ್ನು ನೋಡುವ ಹಾಗೆ ನೋಡಿದಳು.

ಇವರ ಸರದಿ ಬಂತು. ಏಜೆಂಟು ಬಾಡಿಗೆ ಕರಾರಿನ ಕಾಗದಗಳನ್ನು ಹರಡಿ, ಐದು ಕಡೆ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ, ಅಮ್ಮನೋರು ಮೊದಲು ಸಹಿ ಮಾಡಲಿ ಅಂದ. ಹೆಂಡತಿ ಕನ್ನಡಕ ಸರಿಮಾಡಿಕೊಂಡಳು. ಪೆನ್ನು ಹಿಡಿದವಳು ಸಹಿ ಮಾಡಲಿಲ್ಲ. ಗಂಡನ ಕಡೆ ತಿರುಗಿ, ಮೆತ್ತಗೆ, "ರೀ, ಮಾಡ್ಲಾ?" ಅಂದಳು.

ಅಷ್ಟೇ. ಆ ಎರಡು ಮಾತು. ಇನ್ನೇನು ಕೇಳಿದ್ದರೂ ಅವನು ಪಟ್ಟಿ ಪ್ರಕಾರ ಅಂತ ಶುರುಮಾಡುತ್ತಿದ್ದ. ಇದಕ್ಕೆ ಪಟ್ಟಿಯಲ್ಲಿ ಉತ್ತರವಿರಲಿಲ್ಲ.

"ಬೇಡ," ಅಂದ ನಿಮಿಷಪ್ಪ. "ನಲವತ್ತೆರಡಲ್ಲ. ವಾರದ ದಿನ ಸಂಜೆ ಅರವತ್ತಾರು. ಬರೆದವನು ನಾನೇ, ನನಗೆ ಗೊತ್ತು."

ಮಾತು ಜೋರಾಗಿಯೇ ಬಂದಿತ್ತು. ಇಡೀ ಕೋಣೆ ತಿರುಗಿ ನೋಡಿತು. ಏಜೆಂಟು ಗೋಡೆಯ ಕಡೆ ಕೈ ಮಾಡಿ, ಅಚ್ಚಾಗಿರುವುದು ನಲವತ್ತೆರಡು ಸಾರ್, ಬರೆದವರೇ ಬರೆದದ್ದನ್ನ ನಂಬಲ್ಲ ಅಂದ್ರೆ ಹೇಗೆ ಅಂದ. ಜನ ನಕ್ಕರು. ಹಿಂದಿನ ಸಾಲಿನ ಒಬ್ಬರು, ಬಾಡಿಗೆ ಇಳಿಸೋಕೆ ನಾಟಕ ಇದು, ನಾನು ಬಹಳ ನೋಡಿದ್ದೀನಿ ಅಂದರು. ಇನ್ನೊಬ್ಬರು, ಕಳೆದ ಭಾನುವಾರ ನಾವೇ ಬಂದ್ವಲ್ರೀ, ನಲವತ್ತನಾಲ್ಕು ಆಯ್ತು, ಕಣ್ಣಾರೆ ಕಂಡದ್ದು ಸುಳ್ಳಾ ಅಂತ ಮೈಮೇಲೆ ಬಂದರು. ಸುಳ್ಳು ಬರೆದಾಗ ಮೂರು ವರ್ಷ ಒಬ್ಬರೂ ಪ್ರಶ್ನೆ ಕೇಳದಿದ್ದ ಮನುಷ್ಯನಿಗೆ, ನಿಜ ಹೇಳಿದ ಅರ್ಧ ನಿಮಿಷಕ್ಕೆ ಸಾಕ್ಷಿ ಕೇಳಿದರು. ಒಬ್ಬಳು ಹೆಂಗಸು ಮಾತ್ರ ಮೆಲ್ಲಗೆ ಪಕ್ಕಕ್ಕೆ ಬಂದಳು. ಇವಳಾದರೂ ನಂಬಿದಳಲ್ಲ ಅಂದುಕೊಂಡರೆ, ನಿಮಗೆ ಬೇಡದಿದ್ದರೆ ಆ ಟೋಕನ್ ನಮಗೆ ಕೊಡ್ತೀರಾ ಅಂತ ಕೇಳಿದಳು. ಕೊಟ್ಟುಬಿಟ್ಟ.

ನಂಬಿದವನು ಒಬ್ಬನೇ, ಗುಮಾಸ್ತ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅಂಕಿ ಹೇಗೆ ತಯಾರಾಗುತ್ತದೆ ಅಂತ ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಮಿಷಪ್ಪನ ತೋಳು ಹಿಡಿದು, ಇಷ್ಟು ಜೋರಾಗಿ ಯಾಕೆ ಹೇಳಿದ್ರಿ, ಹಳೇ ಮನೆ ಬಿಟ್ಟಾಯ್ತು, ನಾನಂತೂ ಸಹಿ ಮಾಡಲೇಬೇಕು, ಊರೆಲ್ಲ ತಿಳಿದ ಮೇಲೆ ಮುಂದೆ ಯಾರ ತಲೆಗೆ ಕಟ್ಟಲಿ ಆ ಮನೇನ ಅಂತ ಹಲ್ಲು ಕಚ್ಚಿ ಹೇಳಿದ. ಹೇಳಿ ಹೋಗಿ ಐದೂ ಕಡೆ ಸಹಿ ಮಾಡಿದ.

ಹೆಂಡತಿ ಅಷ್ಟರಲ್ಲಿ ಎದ್ದು ಹೊರಗೆ ಬಂದಿದ್ದಳು. ಪ್ಲಾಟ್‌ಫಾರ್ಮಿನ ಕಲ್ಲು ಬೆಂಚಿನ ಮೇಲೆ ಕೂತು ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಳು. ನಿಮಿಷಪ್ಪನಿಗೆ ಮೈ ಹಗುರಾಗಿತ್ತು. ಎಷ್ಟೋ ವರ್ಷದ ಮೇಲೆ ಒಂದು ನಿಜವಾದ ಅಂಕಿ ಬಾಯಿಂದ ಬಂದಿತ್ತಲ್ಲ, ಒಂದು ಶಹಬ್ಬಾಸ್ ಬೇಕಿತ್ತು ಅವನಿಗೆ. ಪಕ್ಕದಲ್ಲಿ ಕೂತು, ಹೋದರೆ ಹೋಯ್ತು ಬಿಡು ಈ ಊರು, ನಿನ್ನ ಹುದ್ದೆ ಉಳೀತಲ್ಲ, ಬಾಗಿಲ ಮೇಲೆ ಹೆಸರು ಬರೆಸ್ಕೊಂಡು ರಾಣಿ ಹಾಗೆ ಇರು ಅಂದ.

"ನಿನ್ನೆ ಬೇಡ ಅಂದು ಬಂದೆ," ಅಂದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ.

"ಮೂರೇ ನಿಮಿಷ ಮಿಗೋದು. ಒಂದಿನ ಕಾಲು ಎಡವಿದ್ರೂ ಗೇಟು ಹಾಕಿರ್ತಾರೆ. ಅಷ್ಟನ್ನ ನೆಚ್ಚಿಕೊಂಡು ಮಗೂನ ಅಲ್ಲಿ ನಿಲ್ಲಿಸೋಕೆ ನನಗೆ ಧೈರ್ಯ ಬರಲಿಲ್ಲ. ಈಗಿರೋ ಕೆಲಸಾನೇ ಸಾಕು, ಐದಕ್ಕೆ ಬಿಟ್ಟುಬಿಡಿ ಅಂತ ಕೇಳಿಕೊಂಡೆ. ನಿಮಗೆ ಹೇಳಿದ್ರೆ, ನನ್ನ ಪಟ್ಟಿ ನಂಬಲಿಲ್ಲ ಅಂತ ನೊಂದ್ಕೋತೀರಿ ಅಂತ ಸುಮ್ಮನಾದೆ."

ನಿಮಿಷಪ್ಪ ತಡಬಡಾಯಿಸಿದ. ಸೋಮವಾರ ಬೆಳಿಗ್ಗೆಯೇ ಹೋಗಿ ಮಾಲೀಕರನ್ನು ಕೇಳೋಣ, ನಾನೇ ಬರುತ್ತೇನೆ, ಕಾಲಿಗೆ ಬೀಳುತ್ತೇನೆ ಅಂದ. ಅವಳು ತಲೆ ಅಲ್ಲಾಡಿಸಿದಳು. ಅವಳ ಕೈಕೆಳಗೆ ನಾಲ್ಕು ವರ್ಷ ಕೆಲಸ ಕಲಿತ ಹುಡುಗಿಗೆ ನಿನ್ನೆ ಸಂಜೆಯೇ ಆ ಜಾಗ ಕೊಟ್ಟಾಗಿತ್ತು. ಎಲ್ಲರೂ ಚಪ್ಪಾಳೆ ತಟ್ಟಿ, ಹುಡುಗಿ ಅತ್ತುಬಿಟ್ಟು, ಇವಳೇ ಅವಳ ಕಣ್ಣೊರೆಸಿ ಬಂದಿದ್ದಳು.

ಆಮೇಲೆ ಅವಳು, ಅರವತ್ತಾರು ಅಂತ ಯಾವತ್ತು ಗೊತ್ತಾಯ್ತು ಅಂತ ಕೇಳಿದಳು. ಕೋಪದ ದನಿಯಲ್ಲ, ಲ್ಯಾಬಿನಲ್ಲಿ ಅಚ್ಚು ಯಾವತ್ತು ಬಂತು ಅಂತ ಕೇಳುವ ದನಿ. ಬುಧವಾರ ಹೋಗಿ ನೋಡಿದೆ ಅಂದ. ಅದು ಪೂರ್ತಿ ನಿಜವಲ್ಲ ಅಂತ ಅವನಿಗೇ ಅನ್ನಿಸಿ, ಮೂರು ವರ್ಷದಿಂದ ಗೊತ್ತು ಅಂತ ಸೇರಿಸಿದ. ಅವಳು ಚೀಲದ ಹಿಡಿಯನ್ನು ಬೆರಳಿಗೆ ಸುತ್ತತೊಡಗಿದಳು. ಅವನು ಸಮಾಧಾನ ಮಾಡಲು ಹೊರಟ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು, ಆ ಶಾಲೆಯ ನೂರಕ್ಕೆ ನೂರೂ ಸುಳ್ಳಂತೆ, ಲೆಕ್ಕದಲ್ಲಿ ಹಿಂದಿರೋ ಮಕ್ಕಳನ್ನ ಒಂಬತ್ತನೇ ಕ್ಲಾಸಲ್ಲೇ ಹೊರಗೆ ಹಾಕ್ತಾರಂತೆ, ನಮ್ಮ ಹುಡುಗೀನ ಖಂಡಿತ ಇಟ್ಟುಕೊಳ್ಳುತ್ತಿರಲಿಲ್ಲ ಅಂತೆಲ್ಲ ಒಂದೇ ಉಸಿರಿಗೆ ಹೇಳಿದ.

ಅವಳು ಮೊದಲ ಸಲ ಅವನ ಮುಖ ನೋಡಿದಳು.

"ಅದೂ ಬುಧವಾರವೇ ಗೊತ್ತಾಗಿದ್ದಾ?"

ಅವನು ಹೂಂ ಅಂದ. ಅವಳು ಮುಖ ಆಚೆ ತಿರುಗಿಸಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಎರಡು ಗಾಜನ್ನೂ ಒರೆಸಿ ಹಾಕಿಕೊಂಡು, ಮತ್ತೆ ತೆಗೆದು ಒರೆಸಿದಳು.

ರೈಲು ಬಂತು. ಅವಳು ಹತ್ತಿ ಕಿಟಕಿ ಪಕ್ಕ ಕೂತು ಚೀಲವನ್ನು ಪಕ್ಕದ ಜಾಗದಲ್ಲಿ ಇಟ್ಟಳು. ಆ ಚೀಲ ಸ್ವಲ್ಪ ತೆಗಿ ಅಂತ ಕೇಳಲು ನಿಮಿಷಪ್ಪನಿಗೆ ಬಾಯಿ ಬರಲಿಲ್ಲ. ಡಬ್ಬಿ ಅರ್ಧಕ್ಕರ್ಧ ಖಾಲಿಯಿತ್ತು. ಅವನು ಬಾಗಿಲ ಹತ್ತಿರದ ಕಂಬಿ ಹಿಡಿದು ಹದಿನಾಲ್ಕೂ ಸ್ಟೇಷನ್ನು ನಿಂತೇ ಬಂದ.